‘ನೈಸೈ ಅಂದರೆ ಏನು ಮೇಡಂ?’: ಮದುವೆ ಮುಗಿಸುವ ಇಂಗ್ಲಿಷ್ ಮಾತುಗಳ ಕತೆ

ಎಲ್ಲರಿಗೂ ನಮಸ್ಕಾರ.

ಒಂದು ಕಾಗದದ ಕತೆಯಿಂದ ಶುರು ಮಾಡುತ್ತೇನೆ. ಹತ್ತು ಹನ್ನೆರಡು ವರ್ಷದ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಮ್ಮನ ಜೊತೆ ನಮ್ಮ ಮನೆಗೆ ಬಂದಳು. ಮದುವೆಯಾಗಿ ಇಂಗ್ಲೆಂಡಿಗೆ ಹೋಗಿದ್ದವಳು, ಒಬ್ಬಳೇ ವಾಪಸ್ ಬಂದಿದ್ದಳು. ಪ್ಲಾಸ್ಟಿಕ್ ಕವರಿನೊಳಗೆ ಒಂದು ಹಾಳೆ ಇತ್ತು. ಅಲ್ಲಿನ ಕೋರ್ಟಿನದು. ಅದನ್ನು ಕನ್ನಡಕ್ಕೆ ಮಾಡಿಕೊಡಬೇಕಿತ್ತು. ಅಮ್ಮ ಆಗಲೇ ಇನ್ನೊಂದು ಸಂಬಂಧ ನೋಡಿದ್ದರು. ಹುಡುಗನ ಮನೆಯ ಹಿರಿಯರು ಕಾಗದ ಓದಬೇಕು ಅಂದಿದ್ದರಂತೆ.

ಹಾಳೆಯ ಮೇಲೆ ‘ಡಿಕ್ರೀ ನೈಸೈ’ ಎಂದಿತ್ತು. ಕೆಳಗೆ ಮದುವೆ ‘ಡಿಸಾಲ್ವ್’ ಎಂಬ ಮಾತು ಇತ್ತು. ಅವಳು ಅಲ್ಲಿಗೇ ಓದು ನಿಲ್ಲಿಸಿದ್ದಳು. “ಮುಗೀತು ಅಂತ ಇದೆಯಲ್ಲ ಮೇಡಂ. ಈ ನೈಸೈ ಅಂದರೆ ಏನು? ಊರಿನ ಹೆಸರಾ?” ಅಂತ ಕೇಳಿದಳು.

ಅವಳ ಇಂಗ್ಲಿಷ್ ತುಂಬಾ ಚೆನ್ನಾಗಿತ್ತು. ಆದರೆ ನೈಸೈ ಇಂಗ್ಲಿಷ್ ಅಲ್ಲ, ಲ್ಯಾಟಿನ್. ಅದರ ಅರ್ಥ ‘ಇಲ್ಲದಿದ್ದರೆ’. ಆರು ವಾರದೊಳಗೆ ಸರಿಯಾದ ತಕರಾರು ಬರದೇ ಇದ್ದರೆ ಈ ಮದುವೆಯನ್ನು ಮುಗಿಸಬಹುದು, ಅಷ್ಟೇ ಆ ಕಾಗದ ಹೇಳುತ್ತಿದ್ದದ್ದು. ಆಮೇಲೆ ಮತ್ತೆ ಅರ್ಜಿ ಹಾಕಿ ‘ಡಿಕ್ರೀ ಅಬ್ಸಲ್ಯೂಟ್’ ಎಂಬ ಎರಡನೇ ಕಾಗದ ಪಡೆಯಬೇಕು. ಅವಳು ಹಾಕಿರಲಿಲ್ಲ. ನಮ್ಮ ಜಗಲಿಯ ಮೇಲೆ ಕೂತಿದ್ದ ಆ ಹೊತ್ತಿಗೂ ಅವಳು ಕಾನೂನಿನ ಲೆಕ್ಕದಲ್ಲಿ ಆ ಮನುಷ್ಯನ ಹೆಂಡತಿಯೇ.

ಅಮ್ಮ ಮಗಳು ಇಬ್ಬರ ಮುಖವೂ ಬಿಳಿಚಿಕೊಂಡಿತು. ಎರಡು ಅಕ್ಷರದ ಒಂದು ಪದ ಒಬ್ಬಳ ಬದುಕನ್ನು ಹೀಗೆ ತಡೆದು ನಿಲ್ಲಿಸಬಹುದಲ್ಲ ಅಂತ ನನಗೆ ಅವತ್ತು ಬಹಳ ನೋವಾಯಿತು. ಆ ನೋವಿನಿಂದಲೇ ನಾನು ಈ ಪದಗಳ ಬೆನ್ನು ಹತ್ತಿದ್ದು. ಮದುವೆ ಮುಗಿಸುವುದಕ್ಕೆ ಇಂಗ್ಲಿಷಿನಲ್ಲಿ ಸಾವಿರ ವರ್ಷದಿಂದ ಯಾವ್ಯಾವ ಮಾತು ಬಂದವು? ಪ್ರತಿ ಮಾತಿನಲ್ಲೂ ಕ್ರಿಯೆ ಮಾಡುವವರು ಯಾರು, ಅನುಭವಿಸುವವರು ಯಾರು? ವ್ಯಾಕರಣದಲ್ಲಿ ಕರ್ತೃ, ಕರ್ಮ ಅಂತೀವಲ್ಲ, ಅದೇ. ಇವತ್ತು ನಾನು ಹೇಳುವುದೆಲ್ಲ ಅದರ ಸುತ್ತಲೇ.

ಹಳೆಯ ಇಂಗ್ಲಿಷಿನಿಂದ ಹೊರಡೋಣ. ಸುಮಾರು ಸಾವಿರ ವರ್ಷದ ಹಿಂದೆ ಬೈಬಲ್ಲಿನ ಸುವಾರ್ತೆಗಳನ್ನು ಅಂದಿನ ಇಂಗ್ಲಿಷಿಗೆ ತಂದರು. ಮತ್ತಾಯನ ಸುವಾರ್ತೆಯಲ್ಲಿ ಒಂದು ಮಾತಿದೆ: ಹೆಂಡತಿಯನ್ನು ಬಿಡುವವನು ಅವಳಿಗೆ ಒಂದು ಪತ್ರ ಕೊಡಲಿ. ಆ ಪತ್ರಕ್ಕೆ ಅವರು ಬಳಸಿದ ಪದ ‘ಹೀವ್‌ಗೆದಾಲ್’ನ ‘ಬೋಕ್’. ಬೋಕ್ ಅಂದರೆ ಇಂದಿನ ಬುಕ್. ಹೀವ್ ಅಂದರೆ ಮನೆ, ಮನೆಮಂದಿ. ಗೆದಾಲ್ ಅಂದರೆ ಬೇರೆಯಾಗುವುದು, ಪಾಲಾಗುವುದು. ಇಸ್ಪೀಟು ಹಂಚುವಾಗ ‘ಡೀಲ್’ ಅಂತೀವಲ್ಲ, ಆ ಡೀಲ್ ಇದೇ ಬೇರಿನದು. ಅಂದರೆ ಅವರ ಕಣ್ಣಿಗೆ ಕಂಡದ್ದು ಮನೆ ಪಾಲಾಗುವ ಚಿತ್ರ. ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾದರು ಅನ್ನುವ ಹಾಗೆ. ನನಗೆ ಬಹಳ ಇಷ್ಟವಾದ ಪದ ಇದು. ಇದರಲ್ಲಿ ಬೈಗುಳ ಇಲ್ಲ, ಒಂದು ಸೂರು ಎರಡಾಗುವ ಸಂಕಟ ಮಾತ್ರ ಇದೆ.

ಆದರೆ ವಾಕ್ಯ ನೋಡಿ. ಬಿಡುವವನು ಅವನು. ಬಿಟ್ಟದ್ದು ಅವಳನ್ನು. ಪತ್ರ ಕೊಡುವುದು ಅವನ ಕೈ.

ಉತ್ತರ ಕರ್ನಾಟಕದವರಿಗೆ ಈಗಾಗಲೇ ‘ಸೋಡಚೀಟಿ’ ನೆನಪಾಗಿರಬೇಕು. ಮರಾಠಿಯ ‘ಸೋಡ್’, ಅಂದರೆ ಬಿಡು. ಬಿಟ್ಟಿದ್ದೇನೆ ಎಂದು ಬರೆದುಕೊಟ್ಟ ಚೀಟಿ. ಎರಡಕ್ಕೂ ನಂಟಿಲ್ಲ, ಆದರೂ ಎರಡು ಕಡೆಯೂ ಜನ ಅದೇ ಎರಡು ವಸ್ತುವನ್ನು ಹಿಡಿದರು, ಒಂದು ಬಿಡುವ ಕ್ರಿಯೆ, ಇನ್ನೊಂದು ಕೈಗಿಡುವ ಕಾಗದ. ಇವತ್ತಿಗೂ ಕನ್ನಡದಲ್ಲಿ “ಡೈವೋರ್ಸ್ ಕೊಟ್ಟ” ಅಂತೀವಿ. ಇಂಗ್ಲಿಷಿನವರು ಹೀಗೆ ‘ಕೊಟ್ಟ’ ಅನ್ನುವುದು ಕಡಿಮೆ. ನಮ್ಮ ‘ಕೊಟ್ಟ’ದ ಹಿಂದೆ ಆ ಹಳೆಯ ಚೀಟಿ ಇನ್ನೂ ಇದೆ ಅಂತ ನನಗನ್ನಿಸುತ್ತದೆ.

1380ರ ಸುಮಾರಿನ ವಿಕ್ಲಿಫ್ ಬೈಬಲ್ಲಿನಲ್ಲಿ ಅದೇ ಪತ್ರ ‘ಲೈಬಲ್ ಆಫ್ ಫರ್ಸೇಕಿಂಗ್’ ಆಯಿತು. ಕೈಬಿಟ್ಟ ಚೀಟಿ. ಲೈಬಲ್ ಅಂದರೆ ಆಗ ಸಣ್ಣ ಪುಸ್ತಕ, ಸಣ್ಣ ಬರಹ. ಮಾನಹಾನಿ ಎಂಬ ಅರ್ಥ ಆಮೇಲೆ ಬಂತು. 1611ರ ಕಿಂಗ್ ಜೇಮ್ಸ್ ಬೈಬಲ್ಲಿನ ಹೊತ್ತಿಗೆ ಅದು ‘ರೈಟಿಂಗ್ ಆಫ್ ಡೈವೋರ್ಸ್‌ಮೆಂಟ್’. ಹೆಂಡತಿಯನ್ನು ಬಿಡುವುದಕ್ಕೆ ಅಲ್ಲಿ ಬಳಸಿದ ಮಾತು ‘ಪುಟ್ ಅವೇ’, ಎತ್ತಿ ಆಚೆ ಇಡುವುದು. ಸಾಮಾನಿಗೆ ಹೇಳುವ ಮಾತು ಅದು. ನನಗೆ ಓದುವಾಗೆಲ್ಲ ಚುಚ್ಚುತ್ತದೆ.

ಡೈವೋರ್ಸ್ ಎಂಬ ಪದವೇ ಬಂದದ್ದು 14ನೇ ಶತಮಾನದ ಕೊನೆಯ ಹೊತ್ತಿಗೆ, ಫ್ರೆಂಚಿನ ದಾರಿಯಲ್ಲಿ. ಮೂಲ ಲ್ಯಾಟಿನ್ ‘ದಿವೋರ್ತಿಯುಮ್’. ‘ವರ್ತೆರೆ’ ಅಂದರೆ ತಿರುಗು. ‘ದಿ’ ಅಂದರೆ ಬೇರೆ ಬೇರೆ ಕಡೆಗೆ. ಈ ವರ್ತೆರೆ ಮತ್ತು ಸಂಸ್ಕೃತದ ‘ವೃತ್’ ಧಾತು ಒಂದೇ ಮೂಲದವು. ನಾವು ದಿನಾ ಆಡುವ ಪರಿವರ್ತನೆ, ವರ್ತುಲ ಎಲ್ಲ ಅದೇ ಮನೆತನದ ಮಾತುಗಳು. ಲ್ಯಾಟಿನ್ನಿನಲ್ಲಿ ದಿವೋರ್ತಿಯುಮ್ ಅಂದರೆ ದಾರಿ ಕವಲಾಗುವ ಜಾಗ ಅಂತಲೂ ಅರ್ಥ. ಬೆಟ್ಟದ ನೆತ್ತಿಯಲ್ಲಿ ಮಳೆನೀರು ಎರಡು ಕಡೆಗೆ ಇಳಿಯುವ ಗೆರೆಗೂ ಅದೇ ಪದ. ಸಹ್ಯಾದ್ರಿಯಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. ಈ ಕಡೆ ಬಿದ್ದ ಹನಿ ಅರಬ್ಬಿ ಸಮುದ್ರಕ್ಕೆ, ಆ ಕಡೆ ಬಿದ್ದದ್ದು ಬಂಗಾಳ ಕೊಲ್ಲಿಗೆ. ಯಾವ ಹನಿಯದ್ದು ತಪ್ಪು?

ಪದ ಅಷ್ಟು ಮೃದು. ಅದನ್ನು ಕೈಗೆ ತೆಗೆದುಕೊಂಡ ಚರ್ಚು ಮಾತ್ರ ಹಾಗಿರಲಿಲ್ಲ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಸರಿಯಾಗಿ ನಡೆದ ಮದುವೆಯನ್ನು ಮುಗಿಸುವ ದಾರಿಯೇ ಇರಲಿಲ್ಲ. ಆದರೂ ಡೈವೋರ್ಸ್ ಎಂಬ ಪದ ಓಡಾಡುತ್ತಿತ್ತು. ಅದಕ್ಕೆ ಎರಡು ಅರ್ಥ ಇದ್ದವು. ಒಂದು ‘ಆ ಮೆನ್ಸಾ ಎತ್ ತೋರೋ’, ಊಟದ ಮೇಜಿನಿಂದಲೂ ಹಾಸಿಗೆಯಿಂದಲೂ ದೂರ. ಬೇರೆ ಇರಬಹುದು, ಇನ್ನೊಂದು ಮದುವೆ ಆಗುವಂತಿಲ್ಲ. ಇನ್ನೊಂದು ‘ಆ ವಿಂಕುಲೋ’, ಕಟ್ಟಿನಿಂದಲೇ ಬಿಡುಗಡೆ. ಅದನ್ನು ಪಡೆಯಲು ಈ ಮದುವೆ ಮೊದಲಿನಿಂದಲೂ ಮದುವೆಯೇ ಆಗಿರಲಿಲ್ಲ ಅಂತ ತೋರಿಸಬೇಕಿತ್ತು. ಇದಕ್ಕೆ ಈಗ ಹೇಳುವ ಮಾತು ‘ಅನಲ್‌ಮೆಂಟ್’. ನಲ್ ಅಂದರೆ ಏನೂ ಇಲ್ಲ, ಸೊನ್ನೆ.

ಎಂಟನೇ ಹೆನ್ರಿ ರಾಜ ಎರಡು ಹೆಂಡಿರಿಗೆ ಡೈವೋರ್ಸ್ ಕೊಟ್ಟ ಅಂತ ನಾವೆಲ್ಲ ಓದಿದ್ದೇವೆ. ನಾನೂ ತರಗತಿಯಲ್ಲಿ ಹಾಗೇ ಪಾಠ ಮಾಡಿದ್ದೇನೆ. ಇಂದಿನ ಅರ್ಥದಲ್ಲಿ ಅದು ತಪ್ಪು. 1533ರಲ್ಲಿ ಆರ್ಚ್‌ಬಿಷಪ್ ಕ್ರ್ಯಾನ್ಮರ್ ಹೇಳಿದ್ದು, ಮೊದಲ ಹೆಂಡತಿ ಕ್ಯಾಥರೀನಳ ಜೊತೆ ಮದುವೆ ನಡೆದೇ ಇರಲಿಲ್ಲ ಅಂತ. ಇಪ್ಪತ್ತಕ್ಕೂ ಜಾಸ್ತಿ ವರ್ಷ ಸಂಸಾರ ಮಾಡಿದವಳು, ಮಗಳನ್ನು ಹೆತ್ತವಳು. ಒಂದು ಪದದಿಂದ ಅಷ್ಟೂ ವರ್ಷ ಸೊನ್ನೆ. ಎರಡನೇ ಹೆಂಡತಿ ಆ್ಯನ್ ಬೊಲಿನ್ ಕತೆ ಇನ್ನೂ ಘೋರ. 1536ರ ಮೇ 17ಕ್ಕೆ ಅವಳ ಮದುವೆಯೂ ಸೊನ್ನೆ ಅಂತ ತೀರ್ಮಾನ ಆಯಿತು. ಮೇ 19ಕ್ಕೆ ಅವಳ ತಲೆ ಕಡಿದರು. ಆರೋಪ ಏನು? ಗಂಡನಿಗೆ ದ್ರೋಹ ಮಾಡಿದಳು ಅಂತ. ಮದುವೆಯೇ ಆಗಿರಲಿಲ್ಲ ಅಂದ ಮೇಲೆ ಯಾವ ಗಂಡ? ಇಬ್ಬರು ಹೆಣ್ಣುಮಕ್ಕಳು, ಮೇರಿ ಮತ್ತು ಎಲಿಜಬೆತ್, ಕಾನೂನಿನ ಪ್ರಕಾರ ಅಕ್ರಮ ಸಂತಾನ ಅನ್ನಿಸಿಕೊಂಡರು. ಅದೇ ಇಬ್ಬರು ಮುಂದೆ ಸಿಂಹಾಸನ ಏರಿದರು, ಅದು ಬೇರೆ ಮಾತು.

ಇದೇ ಶತಮಾನದ ಇನ್ನೊಂದು ಪದ ಹೇಳದೆ ಮುಂದೆ ಹೋಗಲಾರೆ. ಇಂಗ್ಲಿಷ್ ಸಿನಿಮಾಗಳ ಮದುವೆಯಲ್ಲಿ “ಟಿಲ್ ಡೆತ್ ಅಸ್ ಡು ಪಾರ್ಟ್” ಅಂತಾರಲ್ಲ. 1549ರ ಪ್ರಾರ್ಥನಾ ಪುಸ್ತಕದಲ್ಲಿ ಅದು “ಟಿಲ್ ಡೆತ್ ಅಸ್ ಡಿಪಾರ್ಟ್” ಎಂದಿತ್ತು. ಆಗ ಡಿಪಾರ್ಟ್ ಅಂದರೆ ಬೇರೆ ಮಾಡು, ಅಗಲಿಸು. ಸಾವು ನಮ್ಮನ್ನು ಅಗಲಿಸುವ ತನಕ. ಆಮೇಲೆ ಡಿಪಾರ್ಟ್ ಅಂದರೆ ಹೊರಡು ಅಂತಷ್ಟೇ ಉಳಿಯಿತು. ವಾಕ್ಯ ಅರ್ಥ ಕಳೆದುಕೊಂಡಿತು. 1662ರಲ್ಲಿ ಡಿಪಾರ್ಟನ್ನು ‘ಡು ಪಾರ್ಟ್’ ಮಾಡಿದರು. ಒಂದೇ ಸದ್ದು, ಜನರ ಬಾಯಿಗೂ ತೊಂದರೆ ಇಲ್ಲ, ಅರ್ಥವೂ ಉಳಿಯಿತು. ಮದುವೆಯ ಮಾತು ಮದುವೆಯಾಗುವವರಿಗೆ ಅರ್ಥವಾಗಬೇಕು ಅಂತ ಯೋಚಿಸಿದವರು ಆಗಲೂ ಇದ್ದರು.

ಈಗ ಮೇಲುವರ್ಗದವರ ದಾರಿಗೆ ಬರೋಣ. 1670ರಲ್ಲಿ ಲಾರ್ಡ್ ರೂಸ್ ಎಂಬ ಶ್ರೀಮಂತ ಪಾರ್ಲಿಮೆಂಟಿನಿಂದಲೇ ತನಗೊಬ್ಬನಿಗೆ ಅಂತ ಒಂದು ಕಾಯ್ದೆ ಮಾಡಿಸಿಕೊಂಡ. ಮರುಮದುವೆಗೆ ಅನುಮತಿ. ಅಲ್ಲಿಂದ 1857ರವರೆಗೆ ಹೀಗೆ ಮುನ್ನೂರಕ್ಕೂ ಹೆಚ್ಚು ಕಾಯ್ದೆಗಳಾದವು. ಒಂದೊಂದು ಡೈವೋರ್ಸಿಗೆ ಒಂದೊಂದು ಕಾಯ್ದೆ! ಅದರಲ್ಲಿ ಹೆಂಗಸರಿಗೆ ಸಿಕ್ಕಿದ್ದು ನಾಲ್ಕೇ ನಾಲ್ಕು. ಮೊದಲನೆಯವಳು 1801ರಲ್ಲಿ ಜೇನ್ ಆ್ಯಡಿಸನ್. ಅವಳ ಗಂಡ ಅವಳ ಒಡಹುಟ್ಟಿದವಳ ಜೊತೆಗೇ ಸಂಬಂಧ ಇಟ್ಟುಕೊಂಡಿದ್ದ. ಅಷ್ಟಾದರೆ ಮಾತ್ರ ಹೆಂಗಸಿನ ಮಾತು ಕೇಳುತ್ತಿದ್ದರು.

ಬಡವರ ಗತಿ? ಕೆಲವು ಕಡೆ ಹೆಂಡತಿಯ ಕೊರಳಿಗೆ ದನಕ್ಕೆ ಕಟ್ಟುವ ಹಗ್ಗ ಹಾಕಿ ಸಂತೆಗೆ ಕರೆತಂದು ಇನ್ನೊಬ್ಬನಿಗೆ ‘ಮಾರುವ’ ಪದ್ಧತಿ ಇತ್ತು. ಕಾನೂನು ಒಪ್ಪದಿದ್ದರೂ ಜನ ಅದನ್ನು ಬಿಡುಗಡೆ ಅಂತ ನಂಬಿದ್ದರು. ಎಷ್ಟೋ ಸಲ ಕೊಳ್ಳುವವನು ಯಾರು ಅಂತ ಮೂವರೂ ಮೊದಲೇ ಮಾತಾಡಿಕೊಂಡಿರುತ್ತಿದ್ದರಂತೆ. ಹಾಗಂತ ಕೊರಳಿನ ಹಗ್ಗ ಹಗ್ಗವೇ.

ಪಾರ್ಲಿಮೆಂಟಿಗೆ ಹೋಗುವ ಮೊದಲು ಶ್ರೀಮಂತ ಗಂಡ ಸಾಮಾನ್ಯವಾಗಿ ಒಂದು ದಾವೆ ಹೂಡುತ್ತಿದ್ದ. ಅದರ ಹೆಸರು ‘ಕ್ರಿಮಿನಲ್ ಕಾನ್ವರ್ಸೇಶನ್’. ಅಪರಾಧದ ಸಂಭಾಷಣೆ ಅಂತ ಕನ್ನಡಿಸಿದರೆ ತಪ್ಪಾಗುತ್ತದೆ. ಕಾನ್ವರ್ಸೇಶನ್ ಅಂದರೆ ಹಿಂದೆ ಒಡನಾಟ, ಕೂಡಿ ಬಾಳುವುದು, ಕೂಡುವುದು. ಇದೂ ‘ವರ್ತೆರೆ’ಯ ಮಗಳೇ. ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡವನಿಂದ ಗಂಡ ಹಣ ಕೇಳುವ ದಾವೆ ಇದು. ಬೇಲಿ ಮುರಿದು ಹೊಲಕ್ಕೆ ನುಗ್ಗಿದವನಿಂದ ನಷ್ಟ ಕೇಳಿದ ಹಾಗೆ. ದಾವೆ ಗಂಡನದು, ಎದುರಾಳಿ ಆ ಗಂಡಸು. ಹೆಂಡತಿ ಇದರಲ್ಲಿ ಕಕ್ಷಿಯೇ ಅಲ್ಲ. ಅವಳು ಸಾಕ್ಷಿ ಹೇಳುವ ಹಾಗೂ ಇಲ್ಲ. ಅವಳ ಬಗ್ಗೆ ಊರೆಲ್ಲ ಮಾತಾಡುತ್ತದೆ, ಅವಳು ಮಾತ್ರ ಬಾಯಿ ತೆರೆಯುವಂತಿಲ್ಲ.

1836ರಲ್ಲಿ ಜಾರ್ಜ್ ನಾರ್ಟನ್ ಎಂಬಾತ ಆಗಿನ ಪ್ರಧಾನಿ ಲಾರ್ಡ್ ಮೆಲ್ಬರ್ನ್ ಮೇಲೆ ಈ ದಾವೆ ಹೂಡಿದ. ಕೇಳಿದ್ದು ಹತ್ತು ಸಾವಿರ ಪೌಂಡು. ಪುರಾವೆ ಎಷ್ಟು ಜೊಳ್ಳಾಗಿತ್ತು ಅಂದರೆ ಜ್ಯೂರಿಯವರು ಕೂತಲ್ಲಿಂದ ಏಳದೆಯೇ ದಾವೆ ಸುಳ್ಳು ಅಂದರು. ಮೆಲ್ಬರ್ನ್ ಪ್ರಧಾನಿಯಾಗಿಯೇ ಉಳಿದ. ನಾರ್ಟನ್ನನ ಹೆಂಡತಿ ಕ್ಯಾರೊಲಿನ್? ಅವಳ ಹೆಸರು ಹಾಳಾಯಿತು. ತಪ್ಪು ಸಾಬೀತಾಗದ್ದರಿಂದ ಗಂಡನಿಗೆ ಡೈವೋರ್ಸ್ ಸಿಗಲಿಲ್ಲ. ಹೊಡೆಯುವ ಗಂಡನಿಂದ ಅವಳಿಗೂ ಸಿಗಲಿಲ್ಲ. ಮೂವರು ಗಂಡುಮಕ್ಕಳನ್ನು ಅವನು ಇಟ್ಟುಕೊಂಡ. ಅವಳು ಬರಹಗಾರ್ತಿ. ಬರೆದು ಗಳಿಸಿದ ಹಣವೂ ಕಾನೂನಿನಂತೆ ಅವನದೇ. 1842ರಲ್ಲಿ ಕಿರಿಯ ಮಗ ಕುದುರೆಯಿಂದ ಬಿದ್ದು ಕಾಯಿಲೆಯಾಗಿ ತೀರಿಕೊಂಡಾಗ ತಾಯಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವಳು ಬರೆಯುವುದನ್ನು ನಿಲ್ಲಿಸಲಿಲ್ಲ. 1839ರಲ್ಲಿ ಸಣ್ಣ ಮಕ್ಕಳನ್ನು ತಾಯಿಯ ವಶಕ್ಕೆ ಕೊಡಬಹುದು ಎಂಬ ಕಾಯ್ದೆ ಬಂದಿದ್ದರ ಹಿಂದೆ ಅವಳ ಹೋರಾಟವಿದೆ. 1855ರಲ್ಲಿ ರಾಣಿಗೇ ಪತ್ರ ಬರೆದಳು. ಎರಡು ವರ್ಷಕ್ಕೆ ಹೊಸ ಡೈವೋರ್ಸ್ ಕಾಯ್ದೆ ಬಂತು. ಅವಳಿಗೆ ಮಾತ್ರ ಡೈವೋರ್ಸ್ ಎಂದೂ ಸಿಗಲಿಲ್ಲ. 1875ರಲ್ಲಿ ಗಂಡ ಸತ್ತ ಮೇಲೆಯೇ ಅವಳ ಬಿಡುಗಡೆ. ಎಂಟನೇ ಹೆನ್ರಿಯ ಕತೆ ಎಲ್ಲ ಮಕ್ಕಳಿಗೂ ಗೊತ್ತು. ಕ್ಯಾರೊಲಿನ್ ನಾರ್ಟನ್ ಹೆಸರೂ ಅವರಿಗೆ ಗೊತ್ತಾಗಬೇಕು ಅಂತ ನನ್ನ ಆಸೆ.

1857ರ ಕಾಯ್ದೆ ಡೈವೋರ್ಸನ್ನು ಚರ್ಚಿನಿಂದ ಮತ್ತು ಪಾರ್ಲಿಮೆಂಟಿನಿಂದ ಬಿಡಿಸಿ ಕೋರ್ಟಿಗೆ ತಂದಿತು. ಮೇಜು ಹಾಸಿಗೆಯ ಲ್ಯಾಟಿನ್ ಹೋಗಿ ‘ಜುಡಿಷಿಯಲ್ ಸೆಪರೇಶನ್’ ಬಂತು. ಅರ್ಜಿ ಹಾಕಿದವರು ‘ಪೆಟಿಶನರ್’, ಅದಕ್ಕೆ ಉತ್ತರ ಕೊಡಬೇಕಾದವರು ‘ರೆಸ್ಪಾಂಡೆಂಟ್’ ಆದರು. ನಡುವೆ ಬಂದವನು ‘ಕೋ-ರೆಸ್ಪಾಂಡೆಂಟ್’. ಈ ಪದ ಎಷ್ಟು ಮನೆಮಾತಾಯಿತು ಅಂದರೆ, ಕಪ್ಪು ಬಿಳುಪು ಎರಡು ಬಣ್ಣದ ಶೋಕಿ ಷೂಗಳಿಗೆ ಜನ ಕೋ-ರೆಸ್ಪಾಂಡೆಂಟ್ ಷೂ ಅಂತ ಹೆಸರಿಟ್ಟರು. 1860ರಲ್ಲಿ ನಮ್ಮ ನೈಸೈ ಒಳಗೆ ಬಂತು. ಇಬ್ಬರೂ ಒಳಗೊಳಗೇ ಮಾತಾಡಿಕೊಂಡು ಕೋರ್ಟಿಗೆ ಮೋಸ ಮಾಡಬಾರದು, ಯಾರಾದರೂ ಬಂದು ಹೇಳಲು ಸಮಯ ಇರಲಿ ಅಂತ ಮಾಡಿದ ತಡೆ ಅದು.

ಗಂಡ ಹೆಂಡಿರ ತಕ್ಕಡಿ ಮಾತ್ರ ಸಮ ಆಗಲಿಲ್ಲ. ಗಂಡನಿಗೆ ಹೆಂಡತಿಯ ಪರಸಂಬಂಧ ಒಂದೇ ಸಾಕು. ಹೆಂಡತಿ ಗಂಡನ ಅದೇ ತಪ್ಪಿನ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ಬಿಟ್ಟುಹೋದದ್ದನ್ನೋ ತೋರಿಸಬೇಕು. ಇಂಗ್ಲೆಂಡ್ ಇದನ್ನು 1923ರಲ್ಲಿ ಸರಿಮಾಡಿತು. ಅದೇ ಅಚ್ಚಿನಲ್ಲಿ ಬ್ರಿಟಿಷರು 1869ರಲ್ಲಿ ಇಲ್ಲಿನ ಕ್ರೈಸ್ತರಿಗಾಗಿ ಇಂಡಿಯನ್ ಡೈವೋರ್ಸ್ ಆ್ಯಕ್ಟ್ ಮಾಡಿದ್ದರು. ನಮ್ಮ ಮಂಗಳೂರು, ಬೆಂಗಳೂರಿನ ಕ್ರೈಸ್ತ ಹೆಣ್ಣುಮಕ್ಕಳು ಆ ಎರಡೆರಡು ಪುರಾವೆಯ ಭಾರವನ್ನು 2001ರವರೆಗೆ ಹೊತ್ತರು. ಹೆಂಡತಿಯ ಪ್ರಿಯಕರನಿಂದ ಗಂಡ ನಷ್ಟ ಕೇಳುವ ಸೆಕ್ಷನ್ ಕೂಡ ಅಲ್ಲಿಯವರೆಗೂ ಪುಸ್ತಕದಲ್ಲಿತ್ತು. ಇಂಗ್ಲೆಂಡಿನಲ್ಲಿ ಅದನ್ನು ತೆಗೆದುಹಾಕುವ ಕಾಯ್ದೆ 1970ರಲ್ಲೇ ಆಗಿತ್ತು. ಪದ ಹಡಗು ಹತ್ತಿ ಬಂದರೆ ಇಳಿದು ಹೋಗುವುದು ಬಹಳ ನಿಧಾನ.

ಭಾರತದಿಂದ ಆ ಕಡೆಗೆ ಹೋದ ಅರ್ಥವೂ ಒಂದಿದೆ. ‘ಗ್ರಾಸ್ ವಿಡೋ’, ಹುಲ್ಲಿನ ವಿಧವೆ. 16ನೇ ಶತಮಾನದಲ್ಲಿ ಅದು ಮದುವೆಯಾಗದೆ ಕೈಬಿಟ್ಟ ಹೆಣ್ಣಿಗೆ ಅಂಟಿಸಿದ ಮಾತು. ಬ್ರಿಟಿಷ್ ಇಂಡಿಯಾದಲ್ಲಿ ಬೇಸಿಗೆಗೆ ಶಿಮ್ಲಾ, ಊಟಿಗೆ ಹೋಗಿ, ಗಂಡ ಕೆಳಗೆ ಬಿಸಿಲಲ್ಲಿ ಕೆಲಸ ಮಾಡುವಾಗ ಒಬ್ಬಳೇ ಇರುವ ಹೆಂಡತಿಗೆ ಈ ಹೆಸರು ಬಂತು. ಅಮೆರಿಕದಲ್ಲಿ ಅದೇ ಮಾತನ್ನು ಡೈವೋರ್ಸ್ ಆದವಳಿಗೂ ಹೇಳಿದರು. ನಮ್ಮಲ್ಲಿ ‘ಗಂಡ ಬಿಟ್ಟವಳು’ ಅಂತಾರಲ್ಲ, ಹಾಗೆ. ‘ಹೆಂಡತಿ ಬಿಟ್ಟವನು’ ಅಂತ ಒಬ್ಬ ಗಂಡಸಿಗೆ ಹಣೆಪಟ್ಟಿ ಹಚ್ಚಿದ್ದನ್ನು ನಾನು ಅಷ್ಟಾಗಿ ಕೇಳಿಲ್ಲ. ಹುಲ್ಲಿನ ವಿಧುರನೂ ಇಂಗ್ಲಿಷಿನಲ್ಲಿ ಬಹಳ ತಡವಾಗಿ ಬಂದ.

ಅಮೆರಿಕದ ಕತೆ ಬೇಗ ಹೇಳಿ ಮುಗಿಸುತ್ತೇನೆ. 1931ರಲ್ಲಿ ನೆವಾಡಾ ರಾಜ್ಯದಲ್ಲಿ ಆರು ವಾರ ವಾಸವಿದ್ದರೆ ಸಾಕು, ಡೈವೋರ್ಸಿಗೆ ಅರ್ಜಿ ಹಾಕಬಹುದು ಅಂತ ಮಾಡಿದರು. ರೀನೋ ಎಂಬ ಊರು ಇದಕ್ಕೇ ಹೆಸರಾಯಿತು. ‘ರೀನೋಗೆ ಹೋಗು’ ಅಂದರೆ ಮದುವೆ ಮುಗಿಸು ಅಂತ. ಪತ್ರಕರ್ತ ವಾಲ್ಟರ್ ವಿಂಚೆಲ್ ‘ರೀನೋವೇಟೆಡ್’ ಅಂತ ಬರೆದ. ಮುರಿದ ಮದುವೆಗೆ ‘ಫ್ಫ್‌ಟ್’ ಅಂತ ಒಂದು ಸದ್ದನ್ನೇ ಪದ ಮಾಡಿದ. 1970ರಿಂದ ಕ್ಯಾಲಿಫೋರ್ನಿಯಾದ ಕಾನೂನು ಡೈವೋರ್ಸ್ ಎಂಬ ಪದ ಬಿಟ್ಟು ‘ಡಿಸಲ್ಯೂಶನ್’ ಅಂದಿತು. ತಪ್ಪು ಯಾರದು ಅಂತ ಕೇಳುವುದನ್ನೂ ಬಿಟ್ಟಿತು.

2014ರಲ್ಲಿ ಒಬ್ಬ ಸಿನಿಮಾ ನಟಿ ತಾವು ‘ಕಾನ್ಶಸ್ ಅನ್‌ಕಪ್ಲಿಂಗ್’, ಅಂದರೆ ಅರಿತು ಬೇರೆಯಾಗುವುದು, ಮಾಡುತ್ತಿದ್ದೇವೆ ಅಂದಾಗ ಬಹಳ ಜನ ನಕ್ಕರು. ನಾನು ನಗಲಿಲ್ಲ. ಕಪಲ್ ಅಂದರೆ ಹಿಂದೆ ಎರಡು ಬೇಟೆನಾಯಿಗಳನ್ನು ಒಟ್ಟಿಗೆ ಕಟ್ಟುವ ಹಗ್ಗ. ಅದನ್ನು ಬಿಚ್ಚುವುದು ಅನ್‌ಕಪ್ಲಿಂಗ್. 14ನೇ ಶತಮಾನದ ಮಾತು. ನಿಂದೆ ಇಲ್ಲದ ಒಂದು ಪದಕ್ಕಾಗಿ ಜನ ಹುಡುಕುತ್ತಿದ್ದಾರೆ ಅಂತಷ್ಟೇ ನನಗೆ ಅದರಲ್ಲಿ ಕಂಡದ್ದು.

ನನಗೆ ನಿಜವಾಗಿ ಸಂತೋಷ ಕೊಟ್ಟದ್ದು 2022ರ ಏಪ್ರಿಲ್ 6. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅವತ್ತಿನಿಂದ ಹೊಸ ಕಾನೂನು. ಪೆಟಿಶನರ್ ಹೋಗಿ ‘ಅಪ್ಲಿಕಂಟ್’ ಬಂತು. ಡಿಕ್ರೀ ನೈಸೈ ಹೋಗಿ ‘ಕಂಡಿಶನಲ್ ಆರ್ಡರ್’. ಡಿಕ್ರೀ ಅಬ್ಸಲ್ಯೂಟ್ ಹೋಗಿ ‘ಫೈನಲ್ ಆರ್ಡರ್’. ಅಂದರೆ ಷರತ್ತಿನ ಆದೇಶ, ಕೊನೆಯ ಆದೇಶ. ಕಾಗದ ಹಿಡಿದವರಿಗೆ ಮುಗಿಯಿತೋ ಇಲ್ಲವೋ ಅಂತ ಹೆಸರಲ್ಲೇ ಗೊತ್ತಾಗುತ್ತದೆ. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಇಬ್ಬರೂ ಸೇರಿ ಒಂದೇ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ಒಬ್ಬರು ಇನ್ನೊಬ್ಬರ ಮೇಲೆಯೇ ಅರ್ಜಿ ಹಾಕಬೇಕಿತ್ತು. ‘ಅವನು ಅವಳನ್ನು ಬಿಟ್ಟ’ ಎಂಬ ಆ ಸಾವಿರ ವರ್ಷದ ವಾಕ್ಯದಲ್ಲಿ ಕರ್ತೃವಿನ ಜಾಗಕ್ಕೆ ‘ನಾವು’ ಬಂತು.

ನನ್ನ ವಿದ್ಯಾರ್ಥಿನಿಗೆ ಆ ಅನುಕೂಲ ಇರಲಿಲ್ಲ. ಅವಳು ಅರ್ಜಿ ಹಾಕಿದಳು. ಕೆಲವು ವಾರದ ಮೇಲೆ ಎರಡನೇ ಕಾಗದ ಬಂತು. ಈ ಸಲ ಒಬ್ಬಳೇ ಬಂದಳು, ಕವರಿನಿಂದ ತೆಗೆಯುವ ಮೊದಲೇ ಕೇಳಿದಳು: “ಅಬ್ಸಲ್ಯೂಟ್ ಅಂದರೆ ಏನು ಮೇಡಂ? ಇದರಲ್ಲೂ ಏನಾದರೂ ‘ಇಲ್ಲದಿದ್ದರೆ’ ಇದೆಯಾ?”

ನಾನು ಹೇಳಿದೆ, ಇದೂ ಲ್ಯಾಟಿನ್ನೇ, ‘ಸೋಲ್ವೆರೆ’ ಅಂದರೆ ಗಂಟು ಬಿಚ್ಚು, ‘ಅಬ್’ ಅಂದರೆ ಅದರಿಂದ ಆಚೆಗೆ. ಗಂಟು ಬಿಚ್ಚಿ ಬಿಟ್ಟದ್ದು ಅಂತ.

“ಹಾಗಾದರೆ ಬಿಡುಗಡೆ ಅಂತಲೇ ಬರೀರಿ ಮೇಡಂ” ಅಂದಳು.

ಕಚೇರಿಗೆ ಕೊಡುವ ಪ್ರತಿಯಲ್ಲಿ ‘ವಿವಾಹ ವಿಚ್ಛೇದನದ ಅಂತಿಮ ಆದೇಶ’ ಅಂತ ಬರೆದೆ. ಅವಳು ಇಟ್ಟುಕೊಳ್ಳುವ ಪ್ರತಿಯಲ್ಲಿ ಅವಳು ಹೇಳಿದ ಹಾಗೆಯೇ ಬರೆದುಕೊಟ್ಟೆ.